ಗಾರ್ದಾ ದಂಡೆಯ ಆರುನೂರು ಕರಿ ಅಂಗಿ

ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿಯ ಅಕ್ಟೋಬರಿನಲ್ಲಿ, ಗಾರ್ದಾ ಸರೋವರದ ದಂಡೆಯಲ್ಲಿ ಆಗಷ್ಟೇ ಸ್ಥಾಪನೆಯಾಗಿದ್ದ ಫ್ಯಾಸಿಸ್ಟ್ ಗಣರಾಜ್ಯಕ್ಕೆ ಆರುನೂರು ಕರಿ ಅಂಗಿ ಒದಗಿಸುವ ಗುತ್ತಿಗೆ ನನ್ನ ಜವಳಿ ಅಂಗಡಿಗೆ ದೊರೆಯಿತು. ಅಂಗಿಗೆ ನೂರಿಪ್ಪತ್ತು ಲೀರಾ. ಅದರಲ್ಲಿ ಹತ್ತು, ಸಮವಸ್ತ್ರ ಇಲಾಖೆಯ ಅಧೀನ ಕಾರ್ಯದರ್ಶಿ ಪೆವೆರಾದಾ ಅವರಿಗೆ. ಬಣ್ಣ ಬಿಟ್ಟರೆ ಗುಂಡು. ಅದು ಪೂರ್ತಿ ನನಗೆ.

ಯುದ್ಧಕಾಲದಲ್ಲಿ ಕರಿ ಬಟ್ಟೆ ಎಲ್ಲಿಂದ ಬರಬೇಕು? ಗೋದಾಮಿನಲ್ಲಿದ್ದದ್ದು ಕೆಂಪು. ಇಪ್ಪತ್ತು ವರ್ಷದ ಹಿಂದೆ ಕಾರ್ಮಿಕ ಸಂಘದವರು ಬಾವುಟಕ್ಕೆಂದು ತರಿಸಿದ್ದು. ಅವರು ಒಯ್ಯುವ ಮೊದಲೇ ಇದೇ ಫ್ಯಾಸಿಸ್ಟ್ ಪಕ್ಷದವರು ಸಂಘಕ್ಕೆ ಬೆಂಕಿ ಇಟ್ಟಿದ್ದರು. ಅಕ್ರೋಟಿನ ಹಸಿರು ಸಿಪ್ಪೆ, ತುಕ್ಕು ಹಿಡಿದ ಮೊಳೆ ಹಾಕಿ ಕುದಿಸಿದೆ. ಚೆನ್ನಾಗಿ ಕಪ್ಪಾಯಿತು.

ಆದರೆ ನಮ್ಮ ಕಡೆಯ ಹೆಂಗಸರು ಸೋಮವಾರ ಬಂತೆಂದರೆ ಕಂಡ ಬಟ್ಟೆಯನ್ನೆಲ್ಲ ಬೂದಿ ನೀರಿನಲ್ಲಿ ಕುದಿಸುತ್ತಾರೆ. ಇದನ್ನು ಸರ್ಕಾರವೂ ಪರಿಗಣಿಸಿರಲಿಲ್ಲ, ನಾನೂ ಪರಿಗಣಿಸಿರಲಿಲ್ಲ. ಚೆಸಿರಾ ಎಂಬಾಕೆ ಸಿಪಾಯಿ ಮಗನ ಅಂಗಿಯನ್ನು ಹಂಡೆಯಿಂದ ತೆಗೆದಾಗ ಅದು ಟೊಮೆಟೊ ಹಣ್ಣಿನಷ್ಟು ಕೆಂಪಗಿತ್ತು.

ಹೋಟೆಲೊಂದರ ಊಟದ ಕೋಣೆಯಲ್ಲಿದ್ದ ಇಲಾಖೆಗೆ ನಮ್ಮಿಬ್ಬರನ್ನೂ ಕರೆಸಲಾಯಿತು.

"ಏನ್ರೀ ಇದು?" ಎಂದರು ಪೆವೆರಾದಾ.

"ಅಂಗಿ, ಸ್ವಾಮಿ. ನಾನು ಕೊಟ್ಟಾಗ ಕಪ್ಪಗಿತ್ತು. ಈಯಮ್ಮ ಒಗೆದುಬಿಟ್ಲು."

"ಒಗೀದೆ ಇನ್ನೇನ್ ಮಾಡ್ಲಿ?" ಚೆಸಿರಾ ಸೊಂಟದ ಮೇಲೆ ಕೈ ಇಟ್ಟಳು. "ಮೂರು ವಾರದಿಂದ ಅದನ್ನೇ ಹಾಕ್ಕೊಂಡಿದ್ದ. ಮನೆ ಮೇಕೆನೂ ಹತ್ರ ಬರ್ತಿರ್ಲಿಲ್ಲ."

"ಗುಂಡು ಹೊಡೆಸೋದಾದ್ರೆ ಹೊಡೆಸಿ ಸ್ವಾಮಿ," ಎಂದೆ. "ವಿಚಾರಣೇಲಿ ಆ ಹತ್ತು ಲೀರಾ ವಿಷಯಾನೂ ಕೇಳ್ತಾರೆ, ಅಷ್ಟೇ."

ಪೆವೆರಾದಾ ಅವರು ಗುಮಾಸ್ತನನ್ನು ಕರೆದು ಪ್ರಕಟಣೆ ಬರೆಸಿದರು:

"ಕರಿ ಅಂಗಿಯು ವೀರರ ಬೆವರಿನ ಸಂಕೇತವಾಗಿರುವುದರಿಂದ ಅದನ್ನು ಒಗೆಯುವುದು, ನೆನೆಸುವುದು, ಅದನ್ನು ತೊಟ್ಟು ಬೇಕೆಂದೇ ಮಳೆಯಲ್ಲಿ ನಿಲ್ಲುವುದು ರಾಷ್ಟ್ರದ್ರೋಹವೆಂದು ಪರಿಗಣಿಸಲಾಗುವುದು. ವಾಸನೆ ಬರುತ್ತದೆ ಎನ್ನುವವರು ತಮ್ಮ ಮೂಗನ್ನು ಹತ್ತಿರದ ಠಾಣೆಯಲ್ಲಿ ನೋಂದಾಯಿಸತಕ್ಕದ್ದು."

ಆಡಳಿತ ಸುಗಮವಾಗಿ ನಡೆಯಿತು. ನಾಯಕರು ಪಥಸಂಚಲನವನ್ನು ಇನ್ನೂರು ಗಜ ದೂರದ ದೋಣಿಯಿಂದ ವೀಕ್ಷಿಸಿ ಶಿಸ್ತನ್ನು ಮೆಚ್ಚಿದರು. ಬಂಡುಕೋರರನ್ನು ಹಿಡಿಯಲು ಬೆಟ್ಟಕ್ಕೆ ಹೋದ ತುಕಡಿಗಳಿಗೆ ಒಬ್ಬನೂ ಸಿಗಲಿಲ್ಲ. ಗಾಳಿ ಮೊದಲೇ ಸುದ್ದಿ ಮುಟ್ಟಿಸುತ್ತಿತ್ತು. ವರದಿಯಲ್ಲಿ ಇದನ್ನು 'ಶತ್ರು ಪಲಾಯನ' ಎಂದು ನಮೂದಿಸಲಾಯಿತು.

ಹದಿನೆಂಟು ತಿಂಗಳ ನಂತರ, ಏಪ್ರಿಲಿನ ಒಂದು ಬೆಳಿಗ್ಗೆ, ಸರ್ಕಾರ ಇರಲಿಲ್ಲ. ಬಂಡುಕೋರರು ಬೆಟ್ಟ ಇಳಿಯುತ್ತಿದ್ದಾರೆಂದು ತಿಳಿದು ಆರುನೂರು ಸಿಪಾಯಿಗಳೂ ಒಗೆಯುವ ಕಟ್ಟೆಯ ಮುಂದೆ ಸಾಲು ನಿಂತರು. ಎಲ್ಲರಿಗಿಂತ ಮುಂದೆ ಪೆವೆರಾದಾ.

"ಒಗೆಯೋದು ರಾಷ್ಟ್ರದ್ರೋಹ ಅಲ್ವಾ ಸ್ವಾಮಿ?" ಎಂದಳು ಚೆಸಿರಾ.

"ಯಾವ ರಾಷ್ಟ್ರ? ಬೇಗ ಕುದಿಸಮ್ಮ!"

ಮಧ್ಯಾಹ್ನ ಬಂಡುಕೋರರು ಬಂದರು. ಅವರ ಕೊರಳಲ್ಲಿ ಕೆಂಪು ವಸ್ತ್ರದ ತುಂಡು ಮಾತ್ರ ಇತ್ತು. ಇಡೀ ಅಂಗಿಯೇ ಕೆಂಪಾಗಿದ್ದ ಪಡೆಯನ್ನು ಕಂಡು, ಇವರು ತಮಗಿಂತ ಹಿರಿಯ ಕ್ರಾಂತಿಕಾರಿಗಳೆಂದು ತಿಳಿದು ಅವರ ದಳಪತಿ ಸಲಾಮು ಹೊಡೆದ. ಊರಿನವರು ಚಪ್ಪಾಳೆ ತಟ್ಟಿದರು.

ಪೆವೆರಾದಾ ಅವರನ್ನು ಫ್ಯಾಸಿಸ್ಟರನ್ನು ಗುರುತಿಸುವ ಸಮಿತಿಗೆ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಅವರಿಗಿದ್ದಷ್ಟು ಪರಿಚಯ ಇನ್ನಾರಿಗೂ ಇರಲಿಲ್ಲ. ಕ್ರಾಂತಿಗೆ ಆರುನೂರು ಕೆಂಪು ಅಂಗಿ ಒದಗಿಸಿದ್ದಕ್ಕಾಗಿ ನನಗೆ ಅಂಗಿಗೆ ನೂರೈವತ್ತು ಲೀರಾ ಮಂಜೂರು ಮಾಡಿದ್ದು ಅವರ ಮೊದಲ ಆದೇಶ.

"ಹತ್ತೇ ತಾನೆ ಸ್ವಾಮಿ?" ಎಂದು ಮೆಲ್ಲಗೆ ಕೇಳಿದೆ.

"ಹದಿನೈದು. ಈಗ ಜನರ ಸರ್ಕಾರ ಕಣ್ರೀ."

ಹಳೆಯ ಸರ್ಕಾರದಿಂದ ಅರವತ್ತಾರು ಸಾವಿರ, ಹೊಸದರಿಂದ ಎಂಬತ್ತೊಂದು ಸಾವಿರ. ಚೆಸಿರಾಳ ಬೂದಿಗೆ ನಲವತ್ತು ಲೀರಾ ಕಳೆದು ಕೈಗೆ ಬಂದದ್ದು ಒಂದು ಲಕ್ಷ ನಲವತ್ತಾರು ಸಾವಿರದ ಒಂಬೈನೂರ ಅರವತ್ತು.