ಸಿಂಫನಿಗೆ ನಾನು ಕುರ್ಚಿ ಹಾಕಿಸಿದ್ದು

ಕುರ್ಚಿ ಹಾಕಿಸುವುದೂ ಒಂದು ಕೆಲಸವೇ? ಹಾಗೆಂದುಕೊಂಡೇ ನಾನು ಕಾರ್ಯಕ್ರಮದ ಸಮಿತಿಯ ಮೀಟಿಂಗಿನಲ್ಲಿ ಕೈಯೆತ್ತಿದೆ.

ನಮ್ಮ ಬೆಳಗಾವಿಯ ಸಿಂಫನಿ ಆರ್ಕೆಸ್ಟ್ರಾ ಖಾನಾಪುರದಲ್ಲಿ ಕಾರ್ಯಕ್ರಮ ಕೊಡುವುದೆಂದಾಗಿತ್ತು. ಮದುವೆಯಲ್ಲಿ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಅಲ್ಲ ಮತ್ತೆ! ವಯೊಲಿನ್, ಚೆಲ್ಲೊ, ತುತ್ತೂರಿ ಹಿಡಿದು ನಲವತ್ತು ಜನ ಕುಳಿತು ನುಡಿಸುವ, ಸಂಬಳ ಪಡೆಯುವ, ಪಕ್ಕಾ ಪ್ರೊಫೆಷನಲ್ ವಾದ್ಯವೃಂದ. ಊರವರು ಆಸಕ್ತಿ ತೋರಿದರೆ ಅಲ್ಲಿಯ ಮಕ್ಕಳಿಗೆ ಪ್ರತಿ ಭಾನುವಾರ ವಯೊಲಿನ್ ಕ್ಲಾಸ್, ಅದೂ ಪುಕ್ಕಟೆ. ಖಾನಾಪುರ ನನ್ನ ತವರು. ವಯೊಲಿನ್ ಕಲಿಯಲು ನಾನು ಬೆಳಗಾವಿಯ ಕಾನ್ವೆಂಟ್ ಸೇರಬೇಕಾಯಿತು. ಮದುವೆಯಾದ ಮೇಲೆ ಆ ವಯೊಲಿನ್ ಅಟ್ಟ ಸೇರಿತು. ಈ ಮಕ್ಕಳಿಗಾದರೂ ಕ್ಲಾಸ್ ಸಿಗಲೇಬೇಕೆಂದು ನನ್ನ ಹಟ.

"ಈ ವಯಸ್ಸಿನ್ಯಾಗ ಯಾಕ ಬೇಕಿತ್ತ ನಿನಗ?" ಎಂದರು ನಮ್ಮ ಯಜಮಾನರು.

"ವಯೊಲಿನ್ ಬಾರಿಸಿದಾಕಿ ಅದೀನ್ರೀ ನಾ. ಅವರಿಗೆ ಏನ ಬೇಕು ನನಗ ಗೊತ್ತೈತಿ. ಕಂಫರ್ಟ್!"

ಖಾನಾಪುರದಲ್ಲಿ ಪೆಂಡಾಲ್ ಹಾಕುವ ದಸ್ತಗೀರ್ ಭಾಯಿ ಕಬ್ಬಿಣದ ಮಡಚುವ ಕುರ್ಚಿ ತೋರಿಸಿದರು. ಛೆ, ಕಲಾವಿದರಿಗೆ ಇನ್ಸಲ್ಟ್! ನಾನು ಕೆಂಪು ಮಖಮಲ್ಲಿನ, ದಪ್ಪ ಕೈಗಳಿರುವ ಕುರ್ಚಿಗಳನ್ನು ಆರಿಸಿದೆ.

"ಅವು ಮಂತ್ರಿಗಳು ಬಂದಾಗ ಇಡೋವು, ಅಕ್ಕಾರ."

"ಅವನ್ನ ಹಾಕ್ರಿ."

ಕಬ್ಬಿಣದವು ನಂದಗಡದ ಮದುವೆಗೆ ಹೋದವು.

ಕಾರ್ಯಕ್ರಮದ ಸಂಜೆ ಹಾಲ್ ತುಂಬ ಜನ, ಜಮಖಾನೆಯ ಮೇಲೆ. ವಾದಕರು ಬಂದರು. ಕುಳಿತರು. ಎದ್ದರು! ವಯೊಲಿನ್ನಿನವರ ಮೊಣಕೈ ಕುರ್ಚಿಯ ಕೈಗೆ ಬಡಿಯುತ್ತಿತ್ತು. ಚೆಲ್ಲೊದವರಿಗಂತೂ ಕಾಲು ಅಗಲಿಸಲೂ ಜಾಗವಿಲ್ಲ.

"ಮೇಡಮ್, ಇದರಾಗ ಕುಂತು ಕಮಾನು ಎಳೆಯೂದು ಹ್ಯಾಂಗ್ರಿ? ನೀವು ಬಾರಿಸಿದವರಂತಲ್ಲ?" ಎಂದರು ಆರ್ಕೆಸ್ಟ್ರಾದ ಮ್ಯಾನೇಜರ್.

"ಬಾರಿಸೇನ್ರಿ. ಕಾನ್ವೆಂಟಿನ್ಯಾಗ ನಿಂತು ಬಾರಸ್ತಿದ್ವಿ."

ಆದರೂ ನಾನು ಧೈರ್ಯಗೆಡಲಿಲ್ಲ. "ದಸ್ತಗೀರ್ ಭಾಯಿ, ಗರಗಸ ಐತೇನ್ರಿ?"

"ಯಾ ಅಲ್ಲಾ! ಮೊದಲ ನನ್ನ ಕೈ ಕಡೀರಿ ಅಕ್ಕಾರ, ಆಮ್ಯಾಲ ಕುರ್ಚೀದು!"

ಮ್ಯಾನೇಜರ್ ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿರೆಂದು ಸನ್ನೆ ಮಾಡಿದರು. ಇನ್ನು ಕ್ಲಾಸ್ ಕೈತಪ್ಪಿದಂತೆಯೇ! ಮೈಕ್ ಕಿತ್ತುಕೊಂಡು ಘೋಷಿಸಿದೆ: "ಕೈಯಿಲ್ಲದ ಕುರ್ಚಿಗಳನ್ನು ಹೊಂದಿರುವ ನಾಗರಿಕರು ಅವುಗಳನ್ನು ಕೂಡಲೇ ತಂದು ಸಹಕರಿಸಬೇಕಾಗಿ ವಿನಂತಿ!"

ಹಾಲ್ ಖಾಲಿಯಾಯಿತು.

"ಇದ್ದ ಮಂದೀನೂ ಓಡಿಸಿದಿ," ಎಂದರು ಯಜಮಾನರು.

ಆದರೆ ಬಂದರು! ಊಟದ ಟೇಬಲ್ಲಿನ ಕುರ್ಚಿ, ಹೊಲಿಗೆ ಮಷೀನಿನ ಸ್ಟೂಲು, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಸ್ಟೂಲು, ಎಲ್ಲವನ್ನೂ ತಲೆಯ ಮೇಲೆ ಹೊತ್ತು ತಂದರು. ವಾದಕರು ಅವುಗಳ ಮೇಲೆ ಕುಳಿತು ನುಡಿಸತೊಡಗಿದರು. ತಂದವರು ತಂತಮ್ಮ ಕುರ್ಚಿಯ ಎದುರಿಗೇ ಕುಳಿತು, ಅದರ ಮೇಲೇ ಕಣ್ಣಿಟ್ಟು, ಉಸಿರು ಬಿಗಿಹಿಡಿದು ಕೇಳಿದರು. ಅಂಥ ಡಿಸಿಪ್ಲಿನ್ ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ಕೂಡ ಕಂಡಿರಲಿಲ್ಲ.

"ನಮ್ಮ ಸ್ಟೂಲು ಎಷ್ಟ ಛಲೋ ಬಾರಿಸ್ತು ನೋಡವಾ!" ಎಂದಳು ಒಬ್ಬಳು.

"ನಮ್ಮ ಕುರ್ಚಿಗಿ ಕೆಲಸನ ಕೊಡಲಿಲ್ಲ. ಒಂದ ಸಲ ತಾಳ ಬಡದು ಸುಮ್ನ ಕುಂತಿತ್ತು," ಎಂದಳು ಇನ್ನೊಬ್ಬಳು.

ಕೊನೆಗೆ ಮ್ಯಾನೇಜರ್ ಮೈಕ್ ಹಿಡಿದರು. "ಇಷ್ಟು ಲಕ್ಷ್ಯ ಕೊಟ್ಟು ಕೇಳೋ ಮಂದಿ ನಮಗ ಎಲ್ಲೂ ಸಿಕ್ಕಿಲ್ಲ. ಕ್ಲಾಸ್ ಬರೂ ಭಾನುವಾರದಿಂದನ ಶುರು!"

ನನ್ನ ಕಣ್ಣು ತುಂಬಿ ಬಂತು.

"ಒಂದ ಕಂಡೀಷನ್. ಕುರ್ಚಿ ವ್ಯವಸ್ಥಾ ಮಾತ್ರ ಈ ಮೇಡಮ್ ಅವರಿಗೆ ಕೊಡಬ್ಯಾಡ್ರಿ."

ಮೊದಲು ಎದ್ದುನಿಂತು ಚಪ್ಪಾಳೆ ತಟ್ಟಿದವರು ನಮ್ಮ ಯಜಮಾನರು!