ನಾರ್ವೆಯಲ್ಲಿ ಆನ್ ರಾಣಿಯ ಮದುವೆ

ಬೂತಪ್ಪನ ದವಡೆ ಹಲ್ಲಿಗೆ ನೋಯಲು ಬೇರೆ ದಿನ ಸಿಗಲಿಲ್ಲ. ಆ ಭಾನುವಾರ ಮಧ್ಯಾಹ್ನ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಸಮುದಾಯ ಭವನದಲ್ಲಿ ತಾಳಮದ್ದಳೆ ಇತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿಗಳು ಕುಳಿತಲ್ಲೇ ವಾದಿಸಿ ಗೆಲ್ಲಬೇಕು. ಮುಖ್ಯ ಪಾತ್ರದ ಅರ್ಥ ಹೇಳಬೇಕಿದ್ದ ಬೂತಪ್ಪನ ಕೆನ್ನೆ ಹಬೆಗೆ ಇಟ್ಟ ಕಡುಬಿನ ಹಾಗೆ ಉಬ್ಬಿತ್ತು. ಭಾಗವತ ಸೀತಾರಾಮ ಬೆಳಿಗ್ಗೆಯೇ ಊರಿನ ಇನ್ನೊಬ್ಬ ಅರ್ಥಧಾರಿ ಬಸವೇಶನಿಗೆ ಫೋನ್ ಮಾಡಿದ.

"ನೀನೇ ಕಾಪಾಡ್ಬೇಕು ಮಾರಾಯ. ಬೂತಪ್ಪನ ಬಾಯಲ್ಲಿ 'ಅಯ್ಯಮ್ಮಾ' ಬಿಟ್ರೆ ಬೇರೆ ಅರ್ಥವೇ ಬರ್ತಾ ಇಲ್ಲ."

ಬಸವೇಶನಿಗೆ ಅಂದು ಒಂದೇ ಒಂದು ಕೆಲಸವಿತ್ತು, ತಂಗಿಯನ್ನು ಸಂತೋಷವಾಗಿಡುವುದು. ನರಸಿಂಹರಾಜಪುರದಿಂದ ದಿವ್ಯ ಗಂಡನ ಜೊತೆ ಬಂದಿದ್ದಳು. ಅಪ್ಪ ಬಿಟ್ಟುಹೋದ ನಾಲ್ಕೆಕರೆ ಕಾಫಿ ತೋಟದಲ್ಲಿ ತನ್ನ ಪಾಲು ಬೇಡವೆಂದು ಮರುದಿನ ಕೊಪ್ಪದ ನೋಂದಣಿ ಕಚೇರಿಯಲ್ಲಿ ಸಹಿ ಹಾಕುವವಳಿದ್ದಳು. "ನಂಗೆಂತಕ್ಕೆ ಅಣ್ಣ ತೋಟ, ನೀನೇ ಇಟ್ಕೊ" ಎಂದು ಅವಳೇ ಹೇಳಿದ್ದಳು. ಒಳ್ಳೆಯ ಮಾತು, ಕಚೇರಿ ಬಾಗಿಲು ತೆಗೆಯುವ ತನಕ ಹುಳಿಯಾಗದಂತೆ ನೋಡಿಕೊಂಡರೆ ಸಾಕಿತ್ತು. ಅದಕ್ಕಾಗಿ ಅವನು ತಂಗಿಗೆ ಬೆಳಿಗ್ಗೆಯಿಂದ ಕಾಫಿಯ ಮೇಲೆ ಕಾಫಿ ಕೊಡುತ್ತಿದ್ದ. ಅದೂ ಆ ತೋಟದ್ದೇ.

ಆದರೆ ಬಸವೇಶನ ಬಾಯಿ ಬಾವಿಯ ಪಂಪಿನ ಹಾಗೆ, ಸ್ವಿಚ್ ಹಾಕಿದವರು ಯಾರೆಂದು ಕೇಳುವುದಿಲ್ಲ. "ಯಾವ ಪ್ರಸಂಗ ಸೀತಾರಾಮಣ್ಣ?" ಅಂದ.

"ಪುರಾಣ ಅಲ್ಲ, ಫ್ರಾನ್ಸಿಂದು. ಬ್ರಿಟನಿ ಅಂತ ಒಂದು ಸೀಮೆ."

"ಬ್ರಿಟಿಷರದ್ದಾ?"

"ಅಲ್ಲ ಮಾರಾಯ. ನೀ ಮೊದ್ಲು ಬಾ."

ಹಿರೇಕೊಡಿಗೆಯ ಹೋಂಸ್ಟೇಯಲ್ಲಿ ನೋಲ್ವೆನ್ ಎಂಬ ನಿವೃತ್ತ ಟೀಚರಮ್ಮ ತಂಗಿದ್ದರು. ಬ್ರಿಟನಿಯವರು. ಒಂದು ತಾಳಮದ್ದಳೆ ನೋಡಿ ಮೆಚ್ಚಿ, ತಮ್ಮ ಊರಿನ ಚರಿತ್ರೆಯನ್ನೆಲ್ಲ ಸೀತಾರಾಮನ ಕಿವಿಗೆ ಸುರಿದಿದ್ದರು. ಕಿವಿಗೆ ಬಿದ್ದದ್ದನ್ನೆಲ್ಲ ಪದ್ಯ ಮಾಡುವುದು ಸೀತಾರಾಮನ ಕಾಯಿಲೆ. ಹಾಗಾಗಿ ಬ್ರಿಟನಿಯ ರಾಣಿ ಈಗ ಭೈರವಿ ರಾಗದಲ್ಲಿ ಅಳುತ್ತಿದ್ದಳು.

ಸೀತಾರಾಮನ ಜಗಲಿಯಲ್ಲಿ ಎದುರು ಪಾತ್ರದ ಕೃಷ್ಣಪ್ಪನೂ ಕೂತಿದ್ದ. ಬಸವೇಶನ ತೋಟದ ಬೇಲಿಯಾಚೆಯವನು, ವರ್ಷಗಟ್ಟಲೆ ವೇದಿಕೆಯಲ್ಲೂ ಬೇಲಿಯಲ್ಲೂ ಎದುರಾಳಿ.

ಸೀತಾರಾಮ ಕತೆ ಹೇಳಿದ. "ಬ್ರಿಟನಿ ಮೊದ್ಲು ಬೇರೇನೇ ಸಂಸ್ಥಾನ. ಅವ್ರದ್ದೇ ದೊರೆ, ಅವ್ರದ್ದೇ ಭಾಷೆ. ದೊರೆಗೆ ಗಂಡು ಮಕ್ಕಳಿಲ್ಲ. ಅಂವ ತೀರಿಕೊಂಡಾಗ ಮಗಳು ಆನ್‌ಗೆ ಹನ್ನೊಂದೋ ಹನ್ನೆರಡೋ. ಸೀಮೆ ಅವಳ ಹೆಸರಿಗೆ ಬಂತು. ಫ್ರಾನ್ಸಿನ ದೊರೆ ದಂಡು ತಂದು ಊರಿಗೆ ಮುತ್ತಿಗೆ ಹಾಕಿ ಅವಳನ್ನೇ ಮದುವೆಯಾದ."

"ಬ್ರೋಕರ್ ಖರ್ಚು ಉಳೀತು" ಅಂದ ಕೃಷ್ಣಪ್ಪ.

"ಅಂವ ಸತ್ತ. ಆಮೇಲಿನ ದೊರೆ ಲೂಯಿ, ಕಟ್ಟಿಕೊಂಡ ಹೆಂಡ್ತೀನ ಬಿಟ್ಟು ಇವಳನ್ನ ಆದ. ಎಲ್ರಿಗೂ ಆ ನೆಲದ ಮೇಲೇ ಕಣ್ಣು. ಇವಳೋ, ನಾನು ನಿನ್ನವಳು, ಸೀಮೆ ಮಾತ್ರ ನಂದು ಅಂತ ಕಾಗದ ಬರೆಸ್ಕೊಂಡವಳು. ಕೊನೆಗೆ ಮಗಳ ಗಂಡನ ಕಾಲಕ್ಕೆ ಸೀಮೆ ಫ್ರಾನ್ಸಿಗೆ ಸೇರ್ತು. ಮುಂದೆ ಕ್ರಾಂತಿ ಆದಾಗ ಪ್ರಾಂತ್ಯ ಅನ್ನೋ ಹೆಸರೂ ಹೋಯ್ತು. ಆದ್ರೂ ಅಲ್ಲಿಯವ್ರು ಇವತ್ತಿಗೂ ತಮ್ಮ ಬಾವುಟ ಹಾರಿಸ್ತಾರೆ, ತಮ್ಮದೇ ದೋಸೆ ಹೊಯ್ತಾರೆ."

"ನಂಗೆ ಯಾವ ಪಾತ್ರ?"

"ಬೂತಪ್ಪಂದೇ, ಆನ್ ರಾಣಿ. ಮದುವೆಯಾದ್ರೂ ಅಪ್ಪನ ನೆಲ ಮಗಳದ್ದೇ ಅಂತ ನೀನು ಸಾಧಿಸ್ಬೇಕು. ನಿನ್ನ ಬಾಯಿ ಒಂದ್ಸಲ ಆನ್ ಆದ್ರೆ ಆಫ್ ಉಂಟಾ?"

ಬಸವೇಶನಿಗೆ ಕುಡಿಯುತ್ತಿದ್ದ ಮಜ್ಜಿಗೆ ನೆತ್ತಿಗೇರಿತು. ಅಪ್ಪನ ನೆಲ ಮಗಳದ್ದು ಎಂದು ಮೈಕಿನಲ್ಲಿ ಹೇಳುವುದು. ಅದೂ ಸಹಿಯ ಮುನ್ನಾದಿನ. ಆದರೆ ಅವನು ಹೆದರುವ ಕುಳವಲ್ಲ. ಕೃಷ್ಣಪ್ಪನನ್ನು ಅಂಗಳದ ಮೂಲೆಗೆ ಕರೆದ.

"ಪಾತ್ರ ಬದ್ಲಾಯಿಸ್ಕೊಳ್ವ. ನಂಗೆ ಲೂಯಿ ಕೊಡು."

"ನನ್ನ ಸ್ವರ ಗರಗಸ ಎಳೆದಂಗೆ ಉಂಟು. ರಾಣಿ ಅಂದ್ರೆ ಜನ ನಂಬ್ತಾರಾ?"

"ಕೋಗಿಲೆ ಸ್ವರ ಮಾರಾಯ ನಿಂದು."

"ಹೌದಾ? ಕೋಗಿಲೆಗೆ ಈ ಮಳೆಗಾಲಕ್ಕೆ ಹುಲ್ಲು ಹೊಡೆಯೋ ಮಷೀನು ಬೇಕಾಗಿತ್ತು."

ಮಷೀನು ಕೊಟ್ಟು ಬಸವೇಶ ದೊರೆತನ ಪಡೆದ. ಇನ್ನು ತಂಗಿಯನ್ನು ಆ ಕಡೆ ಸುಳಿಯದಂತೆ ಮಾಡಿದರೆ ಆಯಿತು. ಮನೆಗೆ ಬಂದವನೇ ಕಾರಿನ ಕೀ ಹಿಡಿದು ನಿಂತ.

"ದಿವ್ಯಾ, ಭಾವನ್ನ ಕರ್ಕೊಂಡು ಶೃಂಗೇರಿಗೆ ಹೋಗಿ ಬನ್ನಿ. ಮೀನಿಗೆ ಮಂಡಕ್ಕಿ ಹಾಕಿ. ಹಾಗೇ ಕಿಗ್ಗಕ್ಕೂ ಹೋಗಿ. ಅವಸರ ಮಾಡ್ಬೇಡಿ."

ಪಕ್ಕದ ಮನೆಯ ಯಮುನಮ್ಮ ಸೊಪ್ಪು ಕೊಡುವ ನೆಪದಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಊರಿನ ಸುದ್ದಿ ಮೊಬೈಲಿಗಿಂತ ಮುಂಚೆ ಅವರಿಗೆ ಬರುತ್ತದೆ. "ಎಂತ ಬಸವೇಶ, ಅಣ್ಣ ಫ್ರಾನ್ಸಿನ ದೊರೆ ಆಗುವಾಗ ತಂಗಿ ಮೀನು ನೋಡ್ತಾ ಕೂರ್ಬೇಕಾ? ತವರಿನ ನೆಲಕ್ಕೆ ಹೆಣ್ಣುಮಗಳು ಹೋರಾಡೋ ಕತೆಯಂತೆ ಮಾರಾಯ್ತಿ. ನಾನಂತೂ ಮುಂದಿನ ಸಾಲು."

"ಹೌದಾ? ನಾನೂ ಬರ್ತೇನೆ" ಅಂದಳು ದಿವ್ಯ.

ಅಮ್ಮ ಜಲಜಮ್ಮನೂ ಹೊರಟರು. ದಿವ್ಯಳ ಗಂಡ, ಮೋಟರ್ ರಿಪೇರಿ ಅಂಗಡಿಯ ಧರ್ಮೇಶ್ ಚಪ್ಪಲಿ ಮೆಟ್ಟಿದ. ಮದುವೆ ಮನೆಯಲ್ಲಿ 'ಊಟ ಆಯ್ತಾ' ಎಂದು ಕೇಳಿದರೂ ತಲೆಯಲ್ಲೇ ಉತ್ತರ ಕೊಡುವ ಅಳಿಯ ಅವನು.

ಪ್ರಸಂಗ ಶುರುವಾಯಿತು. ಕೃಷ್ಣಪ್ಪನ ಗರಗಸ ಅವತ್ತು ಮರ ಬಿಟ್ಟು ಜನರ ಎದೆ ಕೊಯ್ಯಿತು. "ದೊರೆಯೇ, ನಾನು ನಿಮ್ಮ ಕೈ ಹಿಡಿದದ್ದು ನಿಜ. ನನ್ನ ತಂದೆಯ ನೆಲ ನಿಮ್ಮ ಕೈ ಹಿಡಿಯಲಿಲ್ಲ. ಸತ್ತ ಮೇಲೆ ಈ ದೇಹವನ್ನು ನಿಮ್ಮ ಮನೆತನದವರ ಪಕ್ಕದಲ್ಲೇ ಹೂಳಿಸಿ. ಹೃದಯವನ್ನು ಮಾತ್ರ ಬಂಗಾರದ ಕರಡಿಗೆಯಲ್ಲಿಟ್ಟು ನನ್ನ ತವರಿಗೆ ಕಳಿಸಿಕೊಡಿ."

ಹಾಗೆ ಕಳಿಸಿದ್ದು ನಡೆದ ಸಂಗತಿಯೇ ಎಂಬಂತೆ ನೋಲ್ವೆನ್ ತಲೆಯಾಡಿಸಿದರು. ಮೊದಲ ಸಾಲಿನಲ್ಲಿ ದಿವ್ಯ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಸವೇಶ ಅದನ್ನು ನೋಡಿದ. ಆ ಕಣ್ಣೀರು ನೆಲಕ್ಕೆ ಬೀಳುವ ಮೊದಲು ರಾಣಿ ಸೋಲಬೇಕಿತ್ತು. ಗಂಟಲನ್ನು ಟಿಲ್ಲರಿನ ಫಸ್ಟ್ ಗೇರಿಗೆ ಹಾಕಿ, ಗತಿಸಿದ ಹೆಡ್‌ಮಾಸ್ಟರೊಬ್ಬರ ಗತ್ತನ್ನು ಎರವಲು ತಂದು ಗುಡುಗಿದ.

"ದೇವಿ, ಹೆಣ್ಣು ಹೊಸ್ತಿಲು ದಾಟಿ ಬರುವಾಗ ಅವಳ ನಗು ಬರುತ್ತದೆ, ಅಳು ಬರುತ್ತದೆ, ಸೀರೆಯ ಪೆಟ್ಟಿಗೆ ಬರುತ್ತದೆ. ನೆಲವೊಂದು ಮಾತ್ರ ತವರಿನಲ್ಲಿ ಕೂತು ಯಾರ ದಾರಿ ಕಾಯಬೇಕು? ಬೇರನ್ನು ಅಲ್ಲೇ ಬಿಟ್ಟು ಗಿಡ ಮಾತ್ರ ತಂದು ನೆಟ್ಟರೆ ಚಿಗುರೀತೇ? ಪತ್ನಿ ಪತಿಗೆ ಅರ್ಧಾಂಗಿ ಎಂದ ಮೇಲೆ ಅವಳ ಭೂಮಿ ಅವನಿಗೆ ಪೂರ್ಣ. ಇದಕ್ಕೆ ಅಡ್ಡ ಬರುವ ಹಕ್ಕು ತವರಿನ ಹುಲ್ಲುಕಡ್ಡಿಗೂ ಇಲ್ಲ."

ಚಪ್ಪಾಳೆ ಬಿತ್ತು. ಹುರುಪೇರಿದ ಬಸವೇಶ ಕಾಲು ಗಂಟೆ ಬಿಡದೆ ಹೊಡೆದ. ಕೃಷ್ಣಪ್ಪ ನೀರು ಕುಡಿದು, ಸೋತೆನೆಂದು ಕೈಮುಗಿದ. ನೋಲ್ವೆನ್ ತಮ್ಮ ರಾಣಿ ಸೋತದ್ದಕ್ಕೆ ಮುಖ ಸಣ್ಣ ಮಾಡಿಕೊಂಡರೂ ಎದ್ದು ಬಂದು ಗೆದ್ದ ದೊರೆಗೆ ಶಾಲು ಹೊದಿಸಿದರು.

ಬಸವೇಶ ಶಾಲು ಹೊದ್ದೇ ಮನೆಗೆ ನಡೆದ. ತಂಗಿಯ ತಲೆಗೆ ಹೊಕ್ಕಿದ್ದ ರಾಣಿಯನ್ನು ಊರೆದುರು ಸೋಲಿಸಿಯಾಗಿತ್ತು. ಇನ್ನು ಕೊಪ್ಪಕ್ಕೆ ಹೋಗುವುದೊಂದೇ ಬಾಕಿ.

ಸಂಜೆಯ ತಿಂಡಿಗೆ ಕೂತಾಗ ಧರ್ಮೇಶ್ ಗಂಟಲು ಸರಿಮಾಡಿಕೊಂಡ. ಆ ಮನೆಯಲ್ಲಿ ಅಂಥ ಸದ್ದು ಯಾರೂ ಕೇಳಿರಲಿಲ್ಲ.

"ಭಾವ, ಇವತ್ತು ನೀವು ಹೇಳಿದ್ದು ಭಾರೀ ಲಾಯ್ಕಾಯ್ತು. ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ."

"ಎಂತ ಗೊತ್ತಿರ್ಲಿಲ್ಲ ಭಾವ?"

"ಹೆಂಡ್ತಿ ಜೊತೆ ಅವಳ ನೆಲವೂ ಗಂಡನ ಮನೆಗೆ ಬರ್ತದೆ ಅಂತ. ನಾಳೆ ಸಹಿ ಬೇಡ. ಸರ್ವೆಯವರನ್ನ ಕರೆಸುವ."

ಬಸವೇಶನ ಕೈಯ ಅವಲಕ್ಕಿ ಬಾಯಿಗೆ ಹೋಗದೆ ಶಾಲಿಗೆ ಹೋಯಿತು. "ಅದು ಲೂಯಿ ಹೇಳಿದ್ದು ಭಾವ, ನಾನಲ್ಲ."

ದಿವ್ಯ ತಟ್ಟೆ ಕುಕ್ಕಿದಳು. ಬಸವೇಶನಿಗೆ ಜೀವ ಬಂತು. "ನೋಡಿ, ಅವಳಿಗೇ ಇಷ್ಟ ಇಲ್ಲ. ಹೇಳು ದಿವ್ಯಾ."

"ನಿಮ್ಮನೆಗೆ ಯಾಕ್ರೀ ಬರ್ಬೇಕು?" ಅಂದಳು ದಿವ್ಯ ಗಂಡನಿಗೆ. "ಕೃಷ್ಣಪ್ಪಣ್ಣ ಅಷ್ಟು ಚಂದ ಹೇಳಿದ್ದು ಕೇಳ್ಲಿಲ್ವಾ? ಎರಡೆಕರೆ ನನ್ನ ಹೆಸರಲ್ಲೇ ಇರ್ತದೆ."

"ಕೃಷ್ಣಪ್ಪ ಸೋತಿದ್ದು. ಭಾವ ಗೆದ್ದಿದ್ದು."

"ಅಣ್ಣನದ್ದು ಬರೀ ಗಂಟಲು. ನ್ಯಾಯ ಇದ್ದಿದ್ದು ರಾಣಿ ಕಡೆ. ಹೌದಲ್ದಾ ಅಣ್ಣ?"

ಹೌದೆಂದರೆ ತೋಟ ತಂಗಿಯದ್ದು, ಅಲ್ಲವೆಂದರೆ ಭಾವನದ್ದು. ಊರಿಗೆ ಊರನ್ನೇ ಮಾತಿನಲ್ಲಿ ಮುಳುಗಿಸಿ ಬಂದ ಬಸವೇಶ ಅಮ್ಮನ ಮುಖ ನೋಡಿದ.

"ಕಿತ್ತಾಡ್ಬೇಡಿ" ಅಂದರು ಜಲಜಮ್ಮ. "ಯಾರ ಹೆಸರಿಗೆ ಅಂತ ನಿಧಾನಕ್ಕೆ ನೀವಿಬ್ರೇ ತೀರ್ಮಾನ ಮಾಡ್ಕೊಳ್ಳಿ. ಅಲ್ಲೀವರೆಗೆ ನಿಮ್ಮ ಎರಡೆಕರೆ ಬಸವೇಶ ನೋಡ್ಕೊಳ್ತಾನೆ. ಚಿಗುರು ತೆಗ್ಸಿ, ಗೊಬ್ಬರ ಹಾಕ್ಸಿ, ಕೊಯ್ಲು ಮುಗಿಸಿ ಚೀಲ ಮನೆಗೆ ತಲುಪಿಸ್ತಾನೆ. ಎಲ್ಲಿಗೆ ಹೋಗ್ತಾನೆ ಅಂವ?"

ಅದಕ್ಕೆ ಮಾತ್ರ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೂಂ ಅಂದರು.