ಹೆಂಡತಿಗೆ ಗೊತ್ತಿದ್ದ ಕೊಲೆಗಾರ

ಕನ್ನಡಕದಂಗಡಿಯ ಯಜಮಾನರಿಗೆ ಈ ಜನ್ಮದಲ್ಲಿ ಉಳಿದಿದ್ದ ಆಸೆ ಒಂದೇ: ಕೈಯಲ್ಲಿರುವ ಪತ್ತೇದಾರಿ ಕಾದಂಬರಿಯ ಕೊಲೆಗಾರ ಯಾರೆಂದು ತಾವೇ ಕಂಡುಹಿಡಿಯಬೇಕು. ದಿನವೆಲ್ಲ ಕಂಡವರ ಮೂಗಿಗೆ ಫ್ರೇಮು ಕೂರಿಸಿ, ಸೊಟ್ಟ ಕಡ್ಡಿಗಳನ್ನು ನೆಟ್ಟಗೆ ಮಾಡಿ ಬಂದವರಿಗೆ ಎರಡು ಪುಟ ಓದುವಷ್ಟೇ ತ್ರಾಣ. (ಸ್ವಂತ ಹೆಂಡತಿಯ ಮುರಿದ ಕನ್ನಡಕವೇ ಮೂರು ತಿಂಗಳಿಂದ ಅಂಗಡಿಯ ಡ್ರಾಯರಿನಲ್ಲಿ ಮಲಗಿದೆ ಎಂದಮೇಲೆ ಆ ಸುಸ್ತು ಎಂಥದೆಂದು ನೀವೇ ಊಹಿಸಿ.) ಓದಿದ ಎರಡು ಪುಟವನ್ನು ಊಟದ ಹೊತ್ತಿಗೆ ಹೆಂಡತಿಗೆ ವರದಿ ಒಪ್ಪಿಸುವುದು ರೂಢಿ.

ಬಂಗಲೆಯ ಶ್ರೀಮಂತ ಮುದುಕಿ ಹನ್ನೆರಡನೆಯ ಪುಟದಲ್ಲೇ ಹೆಣವಾಗಿದ್ದಳು. ಯಜಮಾನರ ಗುಮಾನಿ ಅವಳ ಸೋದರಳಿಯನ ಮೇಲೆ. ನೂರನೆಯ ಪುಟಕ್ಕೆ ಬಂದ ದಿನ ಹೆಂಡತಿ, "ರೀ, ಅಡುಗೆಮನೆ ನಲ್ಲಿ ಸೋರ್ತಿದೆ" ಎಂದಳು.

"ನಾಳೆ ನೋಡೋಣ ಕಣೇ."

"ಸರಿ. ಮುದುಕಿನ ಕೊಂದೋರು ಯಾರು ಅಂತ ಹೇಳ್ಬಿಡ್ಲಾ? ಮೊನ್ನೆ ಮಧ್ಯಾಹ್ನ ಕೂತು ಪೂರ್ತಿ ಮುಗಿಸಿದೆ."

ಯಜಮಾನರು ಕಿವಿ ಮುಚ್ಚಿಕೊಂಡು ಎದ್ದರು. ನಲ್ಲಿ ರಿಪೇರಿಯಾಯಿತು.

ಅಲ್ಲಿಂದ ಹಿಡಿಯಿತು ಗ್ರಹಚಾರ. ಅಟ್ಟ ಗುಡಿಸಿದ್ದಾಯಿತು. ಬಾವಮೈದುನನ ಮನೆಗೆ ಹೋಗಿ ಅವನ ಪ್ರವಾಸದ ನಾನೂರು ಫೋಟೋ ನೋಡಿ, ಒಂದೊಂದಕ್ಕೂ "ಭೇಷ್" ಎಂದದ್ದಾಯಿತು. ಸ್ಟೂಲು ಹತ್ತಿ ಫ್ಯಾನು ಒರೆಸಿದರು. (ಒರೆಸಿದರು ಎಂದರೆ, ರೆಕ್ಕೆಗೆ ಬಟ್ಟೆ ಮುಟ್ಟಿಸಿದರು.) ಕೂತರೆ "ಹೇಳ್ಲಾ?", ನಿಂತರೆ "ಹೇಳ್ಬಿಡ್ಲಾ?" ಬೆದರಿಕೆಗೆ ಹೆದರಿ ಹೆದರಿ ಯಜಮಾನರು ಅರ್ಧವಾಗಿ ಹೋದರು.

ಕೊನೆಗೂ ಒಂದು ಭಾನುವಾರ ಮಧ್ಯಾಹ್ನ ಪುಸ್ತಕ ಮುಗಿಯಿತು. ಕೊಂದವರು ಸೋದರಳಿಯನಲ್ಲ, ಬಡಪಾಯಿ ಸಂಗೀತದ ಮೇಷ್ಟ್ರು. ಕಾರಣ? ಮುದುಕಿ ಹನ್ನೊಂದು ವರ್ಷದಿಂದ "ನಿನ್ನ ಗುಟ್ಟು ಹೇಳಿಬಿಡ್ತೀನಿ" ಎಂದು ಅವರನ್ನು ಹಿಂಡಿ ಹಿಪ್ಪೆ ಮಾಡಿದ್ದಳು. ಯಜಮಾನರ ಕಣ್ಣು ತುಂಬಿಬಂತು. ಅಂಥ ಸಜ್ಜನನನ್ನು ಪೊಲೀಸರು ಹಿಡಿದದ್ದು ಅವರಿಗೆ ಸ್ವಲ್ಪವೂ ಸರಿಬರಲಿಲ್ಲ. ಹೆಂಡತಿಗೂ ತಾಗಲಿ ಎಂದು ಆ ಪುಟವನ್ನು ಗಟ್ಟಿಯಾಗಿ ಓದಿ ಹೇಳಿದರು.

"ಅಷ್ಟಕ್ಕೆ ಕೊಲ್ಲೋದಾ?" ಎಂದಳು ಹೆಂಡತಿ, ಬಟ್ಟೆ ಮಡಚುತ್ತ. "ಮುದುಕಿಗೆ ಆ ಗುಟ್ಟು ನಿಜವಾಗ್ಲೂ ಗೊತ್ತಾ ಅಂತ ಒಂದ್ಸಲ ವಿಚಾರಿಸ್ಬಾರ್ದಿತ್ತಾ ಮೇಷ್ಟ್ರು?"

ಯಜಮಾನರಿಗೆ ಎಲ್ಲೋ ಏನೋ ಚುಚ್ಚಿತು. "ನಿನಗೆ... ನಿಜವಾಗ್ಲೂ ಗೊತ್ತಿತ್ತಾ?"

"ಕನ್ನಡಕ ಇಲ್ದೆ ಹೇಗ್ರೀ ಓದ್ಲಿ?"

ಎರಡು ತಿಂಗಳು ಪತ್ತೇದಾರರು ಸುಳಿವು ಹುಡುಕಿದ್ದೇ ಹುಡುಕಿದ್ದು. ಸುಳಿವು ಅವರದೇ ಡ್ರಾಯರಿನಲ್ಲಿತ್ತು.

"ಅಲ್ಲ ಕಣೇ, ಇಷ್ಟೆಲ್ಲ ಮಾಡಿಸಿದೆಯಲ್ಲ, ಆ ಕನ್ನಡಕಾನೂ ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ನಾನು ಅಲ್ಲೇ ಸಿಕ್ಕಿಬೀಳ್ತಿದ್ದೆನಲ್ಲ."

ಸೋಲೊಪ್ಪಿಕೊಂಡ ಯಜಮಾನರು ಮಾರನೆಯ ದಿನವೇ ಹೊಸ ಕಡ್ಡಿ ಹಾಕಿ, ಗಾಜು ಫಳಫಳ ಉಜ್ಜಿ ಕನ್ನಡಕ ತಂದುಕೊಟ್ಟರು. ಇನ್ನು ಬೆದರಿಕೆಯಿಲ್ಲ, ಗುಟ್ಟಿಲ್ಲ. ನೆಮ್ಮದಿಯಿಂದ ಹೊಸ ಕಾದಂಬರಿ ಹಿಡಿದು ಕೂತರು.

ಹೆಂಡತಿ ಕನ್ನಡಕ ಏರಿಸಿಕೊಂಡು ಒಮ್ಮೆ ಸುತ್ತ ನೋಡಿದಳು. ಆಮೇಲೆ ನಿಧಾನವಾಗಿ ತಲೆ ಮೇಲೆತ್ತಿದಳು.

"ರೀ, ಮೊನ್ನೆ ಒರೆಸಿದ್ದು ಈ ಫ್ಯಾನನ್ನೇನಾ?"

ಯಜಮಾನರು ಪುಸ್ತಕ ಮಡಚಿಟ್ಟು ಸ್ಟೂಲು ತರಲು ಹೊರಟರು.